ಆಕಾಶಕ್ಕೇರುವ ಮುನ್ನ ಮನೆಯ ಲೆಕ್ಕ

ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ಶಿಷ್ಯರೊಬ್ಬರು ಮನೆಗೆ ಬಂದು, ಕೊಟ್ಟ ಕಾಫಿಯನ್ನೂ ಮುಟ್ಟದೆ, ತಮ್ಮ ತಂದೆಯವರ ಕಾಲದ ನಿವೇಶನದ ಪತ್ರಗಳನ್ನು ನಮ್ಮ ಮುಂದಿಟ್ಟರು. ಅವರ ಮಗಳು ಪಿ.ಯು.ಸಿ. ಮುಗಿಸಿರುವಳು, ಕಲಿತರೆ ವಿಮಾನ ನಡೆಸುವ ವಿದ್ಯೆಯನ್ನೇ ಕಲಿಯುವೆನೆಂದು ಹಟ ಹಿಡಿದಿರುವಳು. ತರಬೇತಿಯ ಸಂಸ್ಥೆಯೊಂದರವರು ವಾರದೊಳಗೆ ಹದಿನೈದು ಲಕ್ಷ ಕಟ್ಟಿದರೆ ಸ್ಥಳವುಂಟು, ತಪ್ಪಿದರೆ ಇಲ್ಲವೆಂದು ಹೇಳಿರುವರಂತೆ. ಪತ್ರಗಳನ್ನು ಬ್ಯಾಂಕಿನಲ್ಲಿ ಅಡವಿಡಬಹುದೆ ಎಂಬುದು ಅವರ ಪ್ರಶ್ನೆ. ಜೀವಮಾನವೆಲ್ಲ ಶಬ್ದರೂಪ ಧಾತುರೂಪಗಳನ್ನು ಒಪ್ಪಿಸಿಕೊಂಡವರನ್ನು ಕೇಳತಕ್ಕ ಪ್ರಶ್ನೆ ಇದಲ್ಲ. ಆದರೂ ಎಂಟು ದಿನಗಳ ಅವಕಾಶ ಬೇಡಿ, ಬಲ್ಲವರನ್ನು ವಿಚಾರಿಸಿ, ನಿಯಮಗಳನ್ನು ಓದಿಸಿಕೊಂಡು ತಿಳಿದೆವು. ತಿಳಿದುದನ್ನು ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ಅವರು ಮರಳಿ ಬಂದಾಗ ನಾವು ಮೊದಲು ಕೇಳಿದ್ದು ಇಷ್ಟೆ: “ಹುಡುಗಿಯ ಕಣ್ಣು ಕಿವಿಗಳನ್ನು ವೈದ್ಯರಿಗೆ ತೋರಿಸಿದ್ದಾಯಿತೇನಪ್ಪಾ?”

“ಅದಕ್ಕೆ ಆಮೇಲೆ ಸಮಯವಿದೆ ಮೇಷ್ಟ್ರೇ. ಮೊದಲು ಹಣದ ಏರ್ಪಾಡಾಗಬೇಕು.”

ತಪ್ಪುವುದು ಇಲ್ಲಿಯೇ. ಈ ವಿದ್ಯೆಯಲ್ಲಿ ಕೆಲವು ಸಾವಿರಗಳ ವೆಚ್ಚ ಮೊದಲು ಬರತಕ್ಕದ್ದು, ಲಕ್ಷಗಳದು ಕೊನೆಗೆ. ನಮ್ಮ ಜನ ಅದನ್ನು ತಲೆಕೆಳಗು ಮಾಡುತ್ತಾರೆ. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು, ಎಂದರೆ ಎಲ್ಲರೂ ಡಿ.ಜಿ.ಸಿ.ಎ. ಎಂದು ಕರೆಯುವ ಕಚೇರಿಯು, ಮಾನ್ಯಮಾಡಿದ ವೈದ್ಯರಿಂದ ಎರಡನೆಯ ದರ್ಜೆಯ ದೇಹಪರೀಕ್ಷೆಯನ್ನೂ, ಅದರ ತರುವಾಯ ಹೆಚ್ಚು ಬಿಗಿಯಾದ ಒಂದನೆಯ ದರ್ಜೆಯದನ್ನೂ ಮಾಡಿಸಬೇಕು. ಒಂದನೆಯ ದರ್ಜೆಯ ಪತ್ರವಿಲ್ಲದೆ ಸಂಬಳಕ್ಕೆ ವಿಮಾನ ನಡೆಸುವ ಪರವಾನಗಿ ದೊರೆಯದು. ಕನ್ನಡಕವಿದ್ದ ಮಾತ್ರಕ್ಕೆ ಅಡ್ಡಿಯಿಲ್ಲ; ಆದರೆ ಬಣ್ಣಗಳ ಭೇದ ಸರಿಯಾಗಿ ತಿಳಿಯದ ಕಣ್ಣಾದರೆ, ಅಥವಾ ಹೃದಯದಲ್ಲಿ ಯಾವುದಾದರೂ ದೋಷ ಕಂಡುಬಂದರೆ, ಕಟ್ಟಿದ ಹಣವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ. ಬೆಂಗಳೂರಿನ ವಿಮಾನಪುರದಲ್ಲಿ ವಾಯುಸೇನೆಯ ವೈಮಾನಿಕ ವೈದ್ಯಸಂಸ್ಥೆಯೇ ಇರುವುದರಿಂದ ನಮ್ಮ ನಾಡಿನವರಿಗೆ ಈ ವಿಷಯದಲ್ಲಿ ಬಲ್ಲ ವೈದ್ಯರ ಅಭಾವವಿಲ್ಲ.

ಎರಡನೆಯದು ಓದು. ವಿಮಾನಮಾರ್ಗ ನಿರ್ಣಯ, ಹವಾಮಾನ, ವಾಯುಯಾನದ ನಿಯಮಗಳು, ಯಂತ್ರವಿಚಾರ, ಇವುಗಳಲ್ಲಿ ನೂರಕ್ಕೆ ೭೦ ಅಂಕ ಬರಬೇಕು. ರೇಡಿಯೋವಿನಲ್ಲಿ ಮಾತನಾಡುವ ಪರವಾನಗಿ ಬೇರೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಗಣಿತಗಳಿರಬೇಕೆಂಬುದು ಬಹುಕಾಲದ ನಿಯಮ; ಅದನ್ನು ಸಡಿಲಿಸಬೇಕೆಂಬ ಮಾತು ೨೦೨೫ರಲ್ಲಿ ಎದ್ದಿತಾದುದರಿಂದ, ಅರ್ಜಿ ಹಾಕುವವರು ಆ ದಿನದ ನಿಯಮವನ್ನು ಕಚೇರಿಯ ಪ್ರಕಟಣೆಯಲ್ಲಿಯೇ ನೋಡಿಕೊಳ್ಳತಕ್ಕದ್ದು. ಈ ಪರೀಕ್ಷೆಗಳನ್ನು ವಿಮಾನ ಹತ್ತುವುದಕ್ಕೆ ಮುಂಚೆಯೇ ಕೊಟ್ಟು ಮುಗಿಸಬಹುದು. ಹವಾಮಾನದ ಪುಸ್ತಕವನ್ನು ಆರು ತಿಂಗಳು ಓದಿದ ಮೇಲೂ ಮಗುವಿನ ಆಸೆ ಬತ್ತದಿದ್ದರೆ ಆಗ ಅದು ಆಸೆ. ಇಲ್ಲದಿದ್ದರೆ ಬಿಳಿಯ ಅಂಗಿ, ಹೆಗಲ ಪಟ್ಟಿಗಳ ಮೋಹ.

ಇನ್ನು ದೊಡ್ಡ ವೆಚ್ಚ. ೧೮ ವರ್ಷ ತುಂಬಿ, ೨೦೦ ಗಂಟೆಗಳ ಹಾರಾಟವಾದ ಹೊರತು ವಾಣಿಜ್ಯ ಪರವಾನಗಿಯಿಲ್ಲ. ಇದರಲ್ಲಿ ೧೦೦ ಗಂಟೆ ತಾನೇ ವಿಮಾನದ ಯಜಮಾನನಾಗಿ ಹಾರಿರಬೇಕು. ಊರಿಂದೂರಿಗೆ ಹೋಗುವ ಹಾರಾಟದಲ್ಲಿ, ೩೦೦ ನಾವಿಕ ಮೈಲಿಗಳಿಗೆ, ಅಂದರೆ ಸುಮಾರು ೫೫೫ ಕಿಲೋಮೀಟರಿಗೆ ಕಡಮೆಯಿಲ್ಲದ ಒಂದು ಯಾತ್ರೆಯನ್ನು ನಡುವೆ ಎರಡು ನಿಲ್ದಾಣಗಳಲ್ಲಿ ಇಳಿದು ಪೂರೈಸಬೇಕು. ರಾತ್ರಿಯ ಹಾರಾಟವುಂಟು, ಹೊರಗೆ ನೋಡದೆ ಯಂತ್ರಗಳ ಮುಳ್ಳುಗಳನ್ನೇ ನಂಬಿ ನಡೆಸುವ ಅಭ್ಯಾಸವೂ ಉಂಟು. ವಸತಿ, ಎರಡು ಎಂಜಿನುಗಳ ವಿಮಾನದ ಅಭ್ಯಾಸ ಮೊದಲಾದುವು ಸೇರಿ ಈಗ ನಮ್ಮ ದೇಶದಲ್ಲಿ ಸುಮಾರು ನಲವತ್ತರಿಂದ ಅರವತ್ತು ಲಕ್ಷ ರೂಪಾಯಿ ತಗಲುವುದು. ಐವತ್ತೆಂದಿಟ್ಟುಕೊಂಡರೂ ಗಂಟೆಗೆ ಇಪ್ಪತ್ತೈದು ಸಾವಿರ, ನಿಮಿಷಕ್ಕೆ ನಾನೂರಕ್ಕೂ ಮೇಲೆ! ವಿಮಾನವೆಂಬ ಶಬ್ದದಲ್ಲಿರುವುದು ಅಳತೆಯನ್ನು ಹೇಳುವ ಧಾತು. ಪಾಠ ಹೇಳುತ್ತಿದ್ದ ಕಾಲದಲ್ಲಿ ನಮಗೆ ಅದರ ಸ್ವಾರಸ್ಯ ಇಷ್ಟು ಚೆನ್ನಾಗಿ ಹೊಳೆದಿರಲಿಲ್ಲ.

ಒಂದೂವರೆ ವರ್ಷದಲ್ಲಿ ಮುಗಿಸಿಕೊಡುವೆವೆಂದು ಹೇಳುವವರು ಬಹಳ. ಮಳೆಗಾಲದ ಮೋಡ, ಕೆಟ್ಟು ನಿಂತ ವಿಮಾನ, ಬಿಟ್ಟುಹೋದ ಬೋಧಕ, ಇವುಗಳಿಂದ ಅದು ಎರಡೂವರೆ ಮೂರಕ್ಕೆ ಬೆಳೆಯುವುದೂ ಸಾಮಾನ್ಯ. ಅಷ್ಟು ದಿನವೂ ಊಟ ವಸತಿಗಳ ವೆಚ್ಚ ನಿಲ್ಲದು. ಆದುದರಿಂದ ತಂದೆಯಾದವನು ಸಂಸ್ಥೆಯ ಬಣ್ಣದ ಪುಸ್ತಿಕೆಯನ್ನು ಬದಿಗಿಟ್ಟು, ಈ ದಿನ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಬೋಧಕರೆಷ್ಟು, ಹೋದ ವರ್ಷ ಪರವಾನಗಿ ಪಡೆದವರು ಎಷ್ಟು ತಿಂಗಳಲ್ಲಿ ಪಡೆದರು ಎಂದು ಕೇಳಬೇಕು. ಅಲ್ಲಿನ ಹಳೆಯ ವಿದ್ಯಾರ್ಥಿಗಳನ್ನೂ ಕಂಡು ಮಾತನಾಡಿಸಬೇಕು. ಡಿ.ಜಿ.ಸಿ.ಎ.ಯು ೨೦೨೫ರಲ್ಲಿ ಇಂಥ ಸಂಸ್ಥೆಗಳಿಗೆ ದರ್ಜೆ ಕಟ್ಟಿ ಪ್ರಕಟಿಸಲಾರಂಭಿಸಿತು, ಅದನ್ನೂ ನೋಡಬಹುದು. ಹಣವನ್ನು ಮಾತ್ರ ಹಾರಿದ ಗಂಟೆಗಳಿಗೆ ಸರಿಯಾಗಿ ಕಂತುಕಂತಾಗಿ ಕೊಡುವ ಕರಾರಾಗಬೇಕು. ಒಟ್ಟಿಗೆ ಕಟ್ಟಿದವನ ಮಾತಿಗೆ ಆಮೇಲೆ ಬೆಲೆಯಿರುವುದು ಅಪರೂಪ. ಸರಕಾರದವೂ ಇವೆ: ನಮ್ಮ ಜಕ್ಕೂರಿನ ಶಾಲೆ, ಉತ್ತರ ಪ್ರದೇಶದ ಫುರ್ಸತ್‌ಗಂಜಿನ ಅಕಾಡೆಮಿ. ವಿದೇಶದಲ್ಲಿ ಕಲಿತು ಬಂದವರು ಇಲ್ಲಿಯ ಪರೀಕ್ಷೆಗಳನ್ನೂ ಕೊಟ್ಟು ಪರವಾನಗಿಯನ್ನು ಬದಲಾಯಿಸಿಕೊಳ್ಳಬೇಕೆಂಬುದು ನೆನಪಿರಲಿ.

ಪರವಾನಗಿ ಕೈಗೆ ಬಂದರೂ ದೊಡ್ಡ ವಿಮಾನದಲ್ಲಿ ಕೂರಿಸುವವರಿಲ್ಲ. ಏರ್‌ಬಸ್ಸೋ ಬೋಯಿಂಗೋ, ಆಯಾ ಜಾತಿಯ ವಿಮಾನಕ್ಕೆ ಪ್ರತ್ಯೇಕ ತರಬೇತಿ ಬೇಕು. ಅದಕ್ಕೆ ಮತ್ತೆ ಹತ್ತು ಹದಿನೈದು ಲಕ್ಷ, ಕೆಲವೆಡೆ ಇನ್ನೂ ಹೆಚ್ಚು. ಇಷ್ಟಾದ ಮೇಲೆಯೂ ಉದ್ಯೋಗವು ನಿಶ್ಚಿತವಲ್ಲ. ಕಿಂಗ್‌ಫಿಷರ್ ೨೦೧೨ರಲ್ಲಿಯೂ, ಜೆಟ್ ಏರ್‌ವೇಸ್ ೨೦೧೯ರ ಏಪ್ರಿಲಿನಲ್ಲಿಯೂ, ಗೋ ಫಸ್ಟ್ ೨೦೨೩ರ ಮೇ ತಿಂಗಳಿನಲ್ಲಿಯೂ ಹಾರಾಟ ನಿಲ್ಲಿಸಿದುವು. ೨೦೨೦ರಲ್ಲಿ ಮಹಾಮಾರಿಯಿಂದ ಎಲ್ಲ ವಿಮಾನಗಳೂ ನೆಲ ಹಿಡಿದುವು. ಅಂಥ ವೇಳೆಯಲ್ಲಿ ಹೊಸಬರ ಗತಿಯೇನು? ಹಾರದೆ ಕುಳಿತರೆ ಅಭ್ಯಾಸ ತಪ್ಪುವುದು. ದೇಹಪರೀಕ್ಷೆಯನ್ನಂತೂ ವರ್ಷವರ್ಷವೂ ಮಾಡಿಸಬೇಕು.

ಸಾಲದ ಲೆಕ್ಕ ಹೀಗಿರುವುದು. ವಿದ್ಯಾಭ್ಯಾಸದ ಸಾಲವು ಏಳೂವರೆ ಲಕ್ಷವನ್ನು ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಐವತ್ತು ಲಕ್ಷವನ್ನು ನೂರಕ್ಕೆ ಹತ್ತರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತಂದರೆ ತಿಂಗಳಿಗೆ ಸುಮಾರು ಅರವತ್ತಾರು ಸಾವಿರ ಕಟ್ಟಬೇಕು. ಕಲಿಯುವ ಕಾಲದ ಬಡ್ಡಿ ಅದರ ಮೇಲೆ. ಮಗಳಿಗೆ ಎರಡು ವರ್ಷ ಕೆಲಸ ಸಿಕ್ಕದಿದ್ದರೂ ಈ ಕಂತನ್ನು ತಮ್ಮ ಸಂಬಳದಿಂದ ಕಟ್ಟಬಲ್ಲೆವೆ ಎಂದು ತಾಯಿತಂದೆಗಳಿಬ್ಬರೂ ಕುಳಿತು ಮಾತನಾಡತಕ್ಕದ್ದು. ಕಟ್ಟಲಾರೆವೆಂದಾದರೆ ಸಾಲವನ್ನು ತಗ್ಗಿಸುವ ದಾರಿ ಮೊದಲು ಕಾಣಬೇಕು.

“ಹೆಣ್ಣುಮಗುವಿಗೆ ಇದೇಕೆ, ಆ ನಿವೇಶನ ಮದುವೆಗಾದರೂ ಆದೀತು” ಎಂದು ಅವರ ಅಕ್ಕನವರು ಹೇಳಿದರಂತೆ. ಆ ಮಾತು ನಮಗೆ ಒಪ್ಪಿಗೆಯಿಲ್ಲ. ವಿಮಾನ ನಡೆಸುವ ಹೆಂಗಸರ ಪ್ರಮಾಣ ಬೇರೆ ಅನೇಕ ದೇಶಗಳಿಗಿಂತ ನಮ್ಮಲ್ಲಿಯೇ ಹೆಚ್ಚು. ನಮ್ಮ ಭಯವೆಲ್ಲ ಆ ಹದಿನೈದು ಲಕ್ಷದ ಅವಸರದ ವಿಷಯದಲ್ಲಿ.

ಶಿಷ್ಯರು ಆ ವಾರ ಹಣ ಕಟ್ಟಲಿಲ್ಲ. ಹುಡುಗಿ ಮೂರು ದಿನ ತಂದೆಯೊಡನೆ ಮಾತು ಬಿಟ್ಟಿದ್ದಳಂತೆ. ನಮ್ಮ ಮೇಲೂ ಕೋಪವಿದ್ದಿರಬೇಕು. ಆಮೇಲೆ ಎರಡೂ ದರ್ಜೆಯ ದೇಹಪರೀಕ್ಷೆಗಳಾದುವು, ಎರಡರಲ್ಲಿಯೂ ತೇರ್ಗಡೆಯಾದಳು. ಹೋದ ಭಾನುವಾರ ಮಾರ್ಗನಿರ್ಣಯದ ಪುಸ್ತಕವನ್ನು ಹಿಡಿದು ಬಂದು, ಅಡ್ಡಗಾಳಿ ಬೀಸುವಾಗ ವಿಮಾನದ ಮೂತಿಯನ್ನು ಎಷ್ಟು ಅಂಶ ತಿರುಗಿಸಬೇಕೆಂಬ ಲೆಕ್ಕವನ್ನು ನಮ್ಮ ಜಗಲಿಯ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದಳು. ನಮಗೆ ಅರ್ಧ ಅರ್ಥವಾಯಿತು. ನಿವೇಶನದ ಪತ್ರಗಳು ಸದ್ಯಕ್ಕೆ ಅವರ ಬೀರುವಿನಲ್ಲಿಯೇ ಇವೆ.