ಸೇನೆಯ ಕರೆ ಮತ್ತು ವೈದ್ಯ ವಿದ್ಯಾರ್ಥಿ: ಸಹಿಗೆ ಮುನ್ನ ನಾಲ್ಕು ಪ್ರಶ್ನೆ

ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ಹೆದ್ದಾರಿ ಹಿಡಿದು ಹೊರಟರೆ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ದಾಟಿ ಪುಣೆ ಸೇರಬಹುದು. ಅಲ್ಲಿನ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು 1948ರಲ್ಲಿ ಸ್ಥಾಪನೆಯಾಯಿತು, 1962ರಿಂದ ಎಂ.ಬಿ.ಬಿ.ಎಸ್. ತರಗತಿಗಳು ನಡೆಯುತ್ತಿವೆ. ನೀಟ್ ಪರೀಕ್ಷೆಯಲ್ಲಿ ಉತ್ತಮ ಅಂಕ ಪಡೆದು, ಸಂದರ್ಶನ ಮತ್ತು ದೇಹ ಪರೀಕ್ಷೆಗಳಲ್ಲಿ ಗೆದ್ದರೆ ಶಿಕ್ಷಣದ ಬಹುಪಾಲು ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಹೊಸದುರ್ಗದ ತೆಂಗು ಬೆಳೆಗಾರನಿಗಾಗಲಿ, ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ದುಡಿಯುವವನಿಗಾಗಲಿ ಇದು ಸಣ್ಣ ಆಸರೆಯಲ್ಲ.

ಆದರೆ ಪ್ರವೇಶದ ಹೊತ್ತಿಗೆ ಒಂದು ಮುಚ್ಚಳಿಕೆ ಪತ್ರ ಎದುರಿಗೆ ಬರುತ್ತದೆ. ಅದೇ ಬಾಂಡ್. ಅದಕ್ಕೆ ಮಕ್ಕಳಷ್ಟೇ ಅಲ್ಲ, ಪೋಷಕರೂ ಸಹಿ ಹಾಕಬೇಕು. ಆಗ ಮನೆಯಲ್ಲಿ ಮಾತು ಏಳುತ್ತದೆ: "ಒಮ್ಮೆ ಸೇರಿದರೆ ಬಿಡುವುದಿಲ್ಲವಂತೆ. ಬಿಟ್ಟು ಬಂದು ಮುಂದೆ ಓದುತ್ತಿದ್ದರೂ ಕರೆಯುತ್ತಾರಂತೆ. ನಿಜವೆ?"

ಈ 'ಅಂತೆ'ಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲನೆಯದಾಗಿ, ನಮ್ಮ ದೇಶದಲ್ಲಿ ಕಡ್ಡಾಯ ಸೈನಿಕ ಸೇವೆ ಇಲ್ಲ. ವೈದ್ಯ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸೇನೆಗೆ ಎಳೆದೊಯ್ಯುವುದಿಲ್ಲ. ಬಾಧ್ಯತೆ ಹುಟ್ಟುವುದು ನಾವೇ ಒಪ್ಪಿ ಹಾಕಿದ ಸಹಿಯಿಂದ. ಅಂಥ ಸಹಿಗಳಲ್ಲಿ ಮೂರು ಬಗೆ.

ಒಂದು, ಪುಣೆಯ ಕಾಲೇಜಿನದು. ಪದವಿಯ ನಂತರ ಕೆಲವರಿಗೆ ಕಾಯಂ ಕಮಿಷನ್, ಉಳಿದವರಿಗೆ 7 ವರ್ಷಗಳ ಅಲ್ಪಾವಧಿ ಕಮಿಷನ್ ದೊರೆಯುತ್ತದೆ. ನಡುವೆ ಹಿಂದೆ ಸರಿದರೆ ದೊಡ್ಡ ಮೊತ್ತ ತೆರಬೇಕು. ಆ ಮೊತ್ತ ಎಷ್ಟೆಂಬುದನ್ನು ಪ್ರವೇಶದ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ಹಿಂದಿನ ವರ್ಷ ಸೇರಿದವರ ಬಾಯಿಮಾತು ಸಾಲದು.

ಎರಡು, ಬೇರೆ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಸೇನಾ ವೈದ್ಯಕೀಯ ದಳಕ್ಕೆ ಅಲ್ಪಾವಧಿ ಕಮಿಷನ್ ಮೇಲೆ ಸೇರುವವರದು. ಮೊದಲು 5 ವರ್ಷ. ಬಳಿಕ ವಿಸ್ತರಣೆ ಪಡೆದು 14 ವರ್ಷಗಳವರೆಗೂ ಇರಬಹುದು. ಸೇವೆ ಮುಗಿದ ಮೇಲೆ 'ಮೀಸಲು' ಎಂಬ ಅವಧಿ ಉಂಟೇ ಎಂಬುದನ್ನು ಇಲ್ಲಿ ಗಮನಿಸಬೇಕು. ಚೆನ್ನೈನ ಅಕಾಡೆಮಿಯಲ್ಲಿ ತರಬೇತಾಗುವ ಅಲ್ಪಾವಧಿ ಅಧಿಕಾರಿಗಳ ಪ್ರಕಟಣೆಯಲ್ಲಿ 5 ವರ್ಷ ಮೀಸಲು, ಇಷ್ಟವಿದ್ದರೆ ಮತ್ತೆ 2 ವರ್ಷ ಎಂದು ಸ್ಪಷ್ಟವಾಗಿ ಇರುತ್ತದೆ. ವೈದ್ಯರೂ ತಮ್ಮ ಪ್ರಕಟಣೆಯಲ್ಲಿ ಆ ಅಂಶವನ್ನು ಹುಡುಕಿ ಓದಬೇಕು.

ಮೂರನೆಯದು ಹಲವರ ಕಣ್ಣಿಗೆ ಬೀಳದು. ಕೇಂದ್ರ ಲೋಕಸೇವಾ ಆಯೋಗದ ಸಂಯೋಜಿತ ವೈದ್ಯಕೀಯ ಸೇವಾ ಪರೀಕ್ಷೆ ಬರೆದು ರೈಲ್ವೆಯಂಥ ಇಲಾಖೆಗೆ ಸೇರುವ ವೈದ್ಯರಿಗೂ ಒಂದು ಷರತ್ತಿದೆ. ಅಗತ್ಯಬಿದ್ದರೆ ತರಬೇತಿಯೂ ಸೇರಿ ಕನಿಷ್ಠ 4 ವರ್ಷ ರಕ್ಷಣಾ ಸೇವೆ ಮಾಡಬೇಕು. ನೇಮಕವಾಗಿ 10 ವರ್ಷ ಕಳೆದ ಮೇಲೆ ಕರೆಯುವಂತಿಲ್ಲ. 45 ವರ್ಷ ವಯಸ್ಸು ದಾಟಿದವರನ್ನು ಸಾಮಾನ್ಯವಾಗಿ ಕರೆಯುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಹಿರಿಯೂರಿನ ತರುಣಿಯೊಬ್ಬಳು 27ನೆಯ ವಯಸ್ಸಿಗೆ ರೈಲ್ವೆ ವೈದ್ಯೆಯಾದಳು ಎನ್ನಿ. 30ಕ್ಕೆ ಎಂ.ಡಿ. ಸೇರಿದರೆ 33ಕ್ಕೆ ಮುಗಿಯುತ್ತದೆ. ಆದರೆ ಸೇನೆಯ ಷರತ್ತು ತೀರುವುದು 37ಕ್ಕೆ. ಅಂದರೆ ಅವಳ 3 ವರ್ಷಗಳ ಪಿ.ಜಿ. ತರಬೇತಿ ಪೂರ್ತಿಯಾಗಿ ಆ ಅವಧಿಯ ಒಳಗೇ ಬರುತ್ತದೆ. ಕರೆ ಬಂದೇ ಬರುತ್ತದೆ ಎಂದಲ್ಲ. ಬರಲು ಅವಕಾಶವಿದೆ ಎಂಬುದು ತಿಳಿದಿರಬೇಕು.

ಓದು ಮತ್ತು ಕರೆಯ ಈ ಘರ್ಷಣೆ ಹೊಸದಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ ಅಮೆರಿಕ ವೈದ್ಯರನ್ನು ಕಡ್ಡಾಯವಾಗಿ ಸೇನೆಗೆ ಕರೆಯಿತು. ತರಬೇತಿ ಅರ್ಧಕ್ಕೆ ನಿಲ್ಲದಿರಲೆಂದು 1954ರಲ್ಲಿ 'ಬೆರಿ ಯೋಜನೆ' ಬಂತು. ವೈದ್ಯರು ತರಬೇತಿ ಮುಗಿಸಿಕೊಂಡು ಬಳಿಕ ಸೇನೆಗೆ ಬರಲು ಅದು ಅವಕಾಶ ಕೊಟ್ಟಿತು. ಅಲ್ಲಿ ಕಡ್ಡಾಯ ಭರ್ತಿ 1973ರಲ್ಲಿ ನಿಂತಿತು. ಆದರೆ ಇಂದಿಗೂ ಸ್ವಇಚ್ಛೆಯಿಂದ ಸೇರುವವರ ಒಟ್ಟು ಬಾಧ್ಯತೆ ಸಾಮಾನ್ಯವಾಗಿ 8 ವರ್ಷ. ಸಕ್ರಿಯ ಸೇವೆ ಮುಗಿದರೂ ಉಳಿದ ವರ್ಷಗಳು ಮೀಸಲಿನಲ್ಲಿ ಕಳೆಯುತ್ತವೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಇದು ಅನ್ವಯಿಸುತ್ತದೆ.

ನಮ್ಮಲ್ಲಿ ಕೋವಿಡ್ ಕಾಲದಲ್ಲಿ ಕರೆಯ ದೊಡ್ಡ ಸಂದರ್ಭ ಬಂತು. 2021ರ ಏಪ್ರಿಲ್ 26ರಂದು ಜನರಲ್ ಬಿಪಿನ್ ರಾವತ್ ಅವರು, ಹಿಂದಿನ 2 ವರ್ಷಗಳಲ್ಲಿ ನಿವೃತ್ತರಾದ ಸೇನಾ ವೈದ್ಯ ಸಿಬ್ಬಂದಿಯನ್ನು ಅವರ ಮನೆಗೆ ಹತ್ತಿರದ ಕೋವಿಡ್ ಕೇಂದ್ರಗಳಿಗೆ ಮರಳಿ ಕರೆಯಲಾಗುತ್ತಿದೆ ಎಂದು ಪ್ರಧಾನಿಗೆ ತಿಳಿಸಿದರು. ಮೇ ತಿಂಗಳಲ್ಲಿ, 2017ರಿಂದ 2021ರ ನಡುವೆ ಬಿಡುಗಡೆ ಹೊಂದಿದ 400 ಸೇನಾ ವೈದ್ಯರನ್ನು ಗರಿಷ್ಠ 11 ತಿಂಗಳ ಗುತ್ತಿಗೆಯ ಮೇಲೆ ತೆಗೆದುಕೊಳ್ಳಲು ರಕ್ಷಣಾ ಸಚಿವಾಲಯ ಆದೇಶಿಸಿತು. ರೋಗಿಗೆ ಉಸಿರು ಸಿಗದಿದ್ದ ಆ ದಿನಗಳಲ್ಲಿ ಒಬ್ಬೊಬ್ಬ ವೈದ್ಯರ ಬೆಲೆಯೂ ದೇಶಕ್ಕೆ ತಿಳಿಯಿತು.

ಇನ್ನು ಊರು ಬಿಡದೆ ಓದುವವರ ಮಾತು. ಚಿತ್ರದುರ್ಗದಲ್ಲಿ 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಅಲ್ಲಿ ಸೇನೆಯ ಬಾಂಡ್ ಇಲ್ಲ. ಆದರೆ ವೈದ್ಯ ಪದವೀಧರರ ಸೇವೆಯ ಬಗ್ಗೆ ರಾಜ್ಯದ 2012ರ ಕಾಯ್ದೆ ಇದೆ. ಅದಕ್ಕೆ ತಿದ್ದುಪಡಿಯೂ ಆಗಿರುವುದರಿಂದ ಹಳೆಯ ಪ್ರತಿ ನಂಬದೆ ಈಗಿನ ನಿಯಮ ನೋಡಬೇಕು.

ಯಾವ ಪತ್ರವೇ ಆಗಲಿ, ಸಹಿಗೆ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಸೇವೆ ಎಷ್ಟು ವರ್ಷ? ಆ ಲೆಕ್ಕ ಯಾವ ದಿನದಿಂದ ಆರಂಭ? ಬಿಡುಗಡೆಯ ನಂತರ ಮೀಸಲು ಉಂಟೆ? ಪಿ.ಜಿ. ಓದುವಾಗ ಕರೆ ಬಂದರೆ ಸೀಟು ಉಳಿಯುತ್ತದೆಯೆ? ಕೊನೆಯ ಪ್ರಶ್ನೆಗೆ ಪಿ.ಜಿ. ಕಾಲೇಜಿನಿಂದ ಬರಹದಲ್ಲೇ ಉತ್ತರ ಪಡೆಯಿರಿ. ಹಳೆಯ ಬಾಧ್ಯತೆ ಇದ್ದರೆ ಅದನ್ನು ಮುಚ್ಚಿಡಬೇಡಿ.

ಸೇನೆಯ ಸೇವೆ ಹೆಮ್ಮೆಯದೇ. ಆದರೆ ತಿಳಿದು ಕೊಟ್ಟ ಮಾತನ್ನು ನಡೆಸುವುದು ಸುಲಭ. ತಿಳಿಯದೆ ಕೊಟ್ಟ ಮಾತು ಭಾರ. ಜಮೀನು ಕೊಳ್ಳುವಾಗ ಪಹಣಿಯನ್ನು ನಾಲ್ಕು ಸಲ ಓದಿಸಿ ಕೇಳುವ ಅಪ್ಪ, ಮಗಳ ಬಾಂಡನ್ನು ಒಂದು ಸಲವಾದರೂ ಓದಿಸಿ ಕೇಳಲಿ.