ಸಾಮಾನು ಹೇರುವ ಮೊದಲು ಗಾಡಿಯ ಹೆಸರು ಬದಲಿಸಿ

ಮಕ್ಕಳ ಪರೀಕ್ಷೆ ಮುಗಿದು ಏಪ್ರಿಲ್, ಮೇ ಬಂತೆಂದರೆ ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಮನೆ ಬದಲಿಸುವವರ ಓಡಾಟ ಶುರುವಾಗುತ್ತದೆ. ಮಗನ ನೌಕರಿಗೆಂದು ಬೀದರಿಗೆ ಹೋಗುವವರು, ಮಕ್ಕಳು ಕನ್ನಡ ಶಾಲೆಯಲ್ಲಿ ಓದಲೆಂದು ಭಾಲ್ಕಿಗೆ ಹೋಗುವವರು, ಅಂಗಡಿ ಹಾಕಲು ಬಸವಕಲ್ಯಾಣಕ್ಕೆ ಹೋಗುವವರು ಹೀಗೆ ಕಾರಣ ಹಲವು. ಆ ಕಡೆಯಿಂದ ಈ ಕಡೆಗೆ ಬರುವವರೂ ಉಂಟು. ಟೆಂಪೊ ಕೇಳಿದರೆ ಬಾಡಿಗೆ ಹೋಗಿ ಬರುವ ಎರಡೂ ದಾರಿಯದು, ಹಮಾಲಿ ಬೇರೆ, ಗಡಿ ದಾಟಬೇಕೆಂದರೆ ರೇಟು ಇನ್ನಷ್ಟು ಏರುತ್ತದೆ. ಆಗ ಮನೆಯಲ್ಲಿ ಯಾರಾದರೊಬ್ಬರು ಅನ್ನುವುದು ಇಷ್ಟೇ: "ಅದಕ್ಕಿಂತ ಒಂದ್ ಹಳೇ ವ್ಯಾನೇ ತಗೊಂಡ್ರ ಹ್ಯಾಂಗ? ನಾಕ್ ಟ್ರಿಪ್ ಹೊಡದು ಮತ್ತ ಮಾರಿಬಿಟ್ರಾಯ್ತು."

ವಿಚಾರ ತಪ್ಪಲ್ಲ. ಉದಾಹರಣೆಗೆ 90 ಸಾವಿರಕ್ಕೆ ಕೊಂಡ ವ್ಯಾನು ಎರಡು ತಿಂಗಳ ಮೇಲೆ 80 ಸಾವಿರಕ್ಕೆ ಹೋದರೆ ನಷ್ಟ 10 ಸಾವಿರ. ಅದರ ಮೇಲೆ ಡೀಸೆಲ್ ಅಥವಾ ಪೆಟ್ರೋಲು, ವಿಮೆ, ಒಂದೆರಡು ಸಣ್ಣ ರಿಪೇರಿ. ಮನೆಯ ಸಾಮಾನು ಮೂರ್ನಾಲ್ಕು ಸಲ ಸಾಗಿಸಬೇಕಾದ ಕುಟುಂಬಕ್ಕೆ ಈ ಲೆಕ್ಕ ಕೂಡುತ್ತದೆ. ಒಂದೇ ಟ್ರಿಪ್ಪಿಗೆ ಮುಗಿಯುವ ಸಂಸಾರವಾದರೆ ಟೆಂಪೊ ಬಾಡಿಗೆಯೇ ಲೇಸು. ಇಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಲೆಕ್ಕ ತಪ್ಪುವುದು ರೂಪಾಯಿಯಲ್ಲಲ್ಲ, ಕಾಗದದಲ್ಲಿ.

ನಂಬಿಕೆಯ ವ್ಯವಹಾರ

ಗಡಿಭಾಗದಲ್ಲಿ ಹಳೆ ಗಾಡಿಯ ವ್ಯವಹಾರ ಬಹುಮಟ್ಟಿಗೆ ನಂಬಿಕೆಯ ಮೇಲೆ ನಡೆಯುತ್ತದೆ. ಮಾರುವವನು ಬೀಗರ ಕಡೆಯವನೋ, ಪರಿಚಯದವನೋ ಆಗಿರುತ್ತಾನೆ. ರೊಕ್ಕ ಎಣಿಸಿ ಕೊಟ್ಟರು, ಖಾಲಿ ಟಿ.ಟಿ. ಫಾರಂ ಮೇಲೆ ಸಹಿ ಹಾಕಿಸಿಕೊಂಡರು, ಬಾಂಡ್ ಪೇಪರಿನ ಮೇಲೆ ನಾಲ್ಕು ಸಾಲು ಬರೆಸಿ ನೋಟರಿ ಮಾಡಿಸಿದರು, ಆರ್.ಸಿ. ಪುಸ್ತಕ ಜೇಬಿಗೆ ಹಾಕಿಕೊಂಡು ಗಾಡಿ ತಂದರು. "ಎರಡು ತಿಂಗಳಿಗೆ ಮತ್ತ ಮಾರೋದೇ ಅದಲ್ಲ, ಹೆಸರ್ ಯಾಕ್ ಮಾಡ್ಸಬೇಕು" ಎಂಬ ಮಾತು ಎರಡೂ ಕಡೆಯವರಿಗೆ ಒಪ್ಪಿಗೆ. ಖಾಲಿ ಸಹಿಯ ಆ ಫಾರಂ ಮುಂದಿನ ಗಿರಾಕಿಗೂ ಹೋಗುತ್ತದೆ, ಅವನಿಂದ ಇನ್ನೊಬ್ಬನಿಗೂ ಹೋಗುತ್ತದೆ.

ಇದರ ಪೆಟ್ಟು ಮೊದಲು ಬೀಳುವುದು ಮಾರಿದವನಿಗೆ. ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಮಾರಿದ ವಾಹನ ಹೆಸರು ಬದಲಾಗದೆ ಕೈಯಿಂದ ಕೈಗೆ ಹೋಗಿತ್ತು. ಅಪಘಾತವಾದಾಗ, ಆರ್.ಟಿ.ಓ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ತೀರ್ಪಾಯಿತು. ರೊಕ್ಕ ಪಡೆದು ಗಾಡಿ ಮರೆತವನು, ತಾನು ನೋಡದ ಅಪಘಾತಕ್ಕೆ ವರ್ಷಗಳ ಮೇಲೆ ನೋಟೀಸು ಪಡೆಯಬಹುದು. ಉಮರ್ಗಾದ ಮಾವ ಬಸವಕಲ್ಯಾಣದ ಅಳಿಯನಿಗೆ ಗಾಡಿ ಕೊಟ್ಟಿದ್ದರೂ ಕಾನೂನು ಇದೇ. ನೋಟರಿಯ ಬಾಂಡಿನಿಂದ ದಾಖಲೆಯಲ್ಲಿನ ಹೆಸರು ಬದಲಾಗುವುದಿಲ್ಲ.

ಕೊಂಡವನೂ ಸುರಕ್ಷಿತನಲ್ಲ. ಮೋಟಾರು ವಾಹನ ಕಾಯ್ದೆ 1988ರ 157ನೇ ಕಲಮಿನಂತೆ ಕೊಂಡವನು 14 ದಿನದೊಳಗೆ ವಿಮೆಯನ್ನು ತನ್ನ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಬೇರೆಯವರಿಗೆ ಆದ ಹಾನಿಯ ವಿಮೆ ಗಾಡಿಯ ಹಿಂದೆಯೇ ಬರುತ್ತದೆ. ಆದರೆ ಸ್ವಂತ ಗಾಡಿಯ ಹಾನಿಯ ವಿಮೆ ಹಾಗೆ ತಾನಾಗಿ ಬರುವುದಿಲ್ಲ ಎಂದು 1996ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ದಾರಿಯಲ್ಲಿ ಗಾಡಿ ಪಲ್ಟಿಯಾದರೆ ವಿಮಾ ಕಂಪನಿ ಕೇಳುವ ಮೊದಲ ಪ್ರಶ್ನೆ, ಪಾಲಿಸಿ ಯಾರ ಹೆಸರಿನಲ್ಲಿದೆ ಎಂಬುದು.

ಒಂದೇ ಜಿಲ್ಲೆ, ಈಗ ಎರಡು ರಾಜ್ಯ

ಹಿಂದೆ ಈ ತೊಂದರೆ ಇರಲಿಲ್ಲ. ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಬೀದರ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಹಮದಪುರದ ಜೊತೆಗೆ ಇವೆರಡೂ ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಅಜ್ಜನ ಕಾಲಕ್ಕೆ ಉದಗೀರದಿಂದ ಭಾಲ್ಕಿಗೆ ಬಿಡಾರ ಕಿತ್ತರೆ ಅದು ಜಿಲ್ಲೆಯೊಳಗಿನ ಮಾತು. ಮೊಮ್ಮಗನ ಕಾಲಕ್ಕೆ ಅದೇ ದಾರಿ ಎರಡು ರಾಜ್ಯದ ಎರಡು ಆರ್.ಟಿ.ಓ. ದಾಖಲೆಗಳ ನಡುವಿನ ದಾರಿ. ಬಂಧುಬಳಗ ಒಂದೇ, ಮಾತು ಒಂದೇ, ನಂಬರ್ ಪ್ಲೇಟು ಮಾತ್ರ ಬೇರೆ. ಲಾತೂರದ್ದು ಎಂ.ಎಚ್. 24, ಧಾರಾಶಿವದ್ದು ಎಂ.ಎಚ್. 25, ಬೀದರದ್ದು ಕೆ.ಎ. 38, ಭಾಲ್ಕಿಯದು 39, ಬಸವಕಲ್ಯಾಣದ್ದು 56.

ಯಾವ ನಂಬರಿನ ಗಾಡಿ ಕೊಳ್ಳಬೇಕು ಎಂಬುದರಲ್ಲಿಯೇ ಅರ್ಧ ತೊಂದರೆ ತಪ್ಪುತ್ತದೆ. ಎಲ್ಲಿ ಮತ್ತೆ ಮಾರುವಿರೋ ಅಲ್ಲಿನ ನಂಬರಿನ ಗಾಡಿ ಕೊಳ್ಳಿ. ಬರೀ ಸಾಮಾನು ಸಾಗಿಸಿ ಉದಗೀರದಲ್ಲಿಯೇ ಮಾರುವುದಾದರೆ ಎಂ.ಎಚ್. 24 ಸಾಕು. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಮಾತ್ರ ಹೊಸ ನಂಬರು ಪಡೆಯಬೇಕೆಂದು 47ನೇ ಕಲಮು ಹೇಳುತ್ತದೆ. ಕರ್ನಾಟಕ ಸರಕಾರ 2014ರಲ್ಲಿ ಹೊರರಾಜ್ಯದ ಗಾಡಿ 30 ದಿನ ಮೀರಿದರೆ ಆಜೀವ ತೆರಿಗೆ ಕಟ್ಟಬೇಕೆಂದು ತಿದ್ದುಪಡಿ ತಂದಿತ್ತು. 2016ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಆದ್ದರಿಂದ ಎರಡು ಮೂರು ತಿಂಗಳ ಕೆಲಸಕ್ಕೆ ಹೊಸ ನಂಬರಿನ ಗೋಜಿಲ್ಲ.

ಗಾಡಿಯನ್ನು ಹೊಸ ಊರಿನಲ್ಲಿಯೇ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತು ಬೇರೆ. ಆಗ ಬಾಡಿಗೆ ಕರಾರು ಮುಂತಾದ ವಿಳಾಸದ ಪುರಾವೆ ಕೈಗೆ ಬಂದ ಮೇಲೆ ಕೆ.ಎ. ನಂಬರಿನ ಗಾಡಿಯನ್ನೇ ನೋಡುವುದು ಒಳ್ಳೆಯದು. ಎಂ.ಎಚ್. ಗಾಡಿ ಒಯ್ದರೆ 28ನೇ ನಮೂನೆಯಲ್ಲಿ ಎನ್.ಓ.ಸಿ. ಪಡೆಯಬೇಕು, ಅಲ್ಲಿ ತೆರಿಗೆ ಕಟ್ಟಬೇಕು, ಹೊಸ ನಂಬರು ಹಾಕಿಸಬೇಕು. ಮೊದಲು ಕಟ್ಟಿದ ತೆರಿಗೆಯ ಉಳಿದ ಪಾಲು ವಾಪಸು ಕೇಳಲು ಮತ್ತೊಂದು ಅರ್ಜಿ. ಎನ್.ಓ.ಸಿ. ಅರ್ಜಿಗೆ 30 ದಿನದೊಳಗೆ ಉತ್ತರ ಬಾರದಿದ್ದರೆ ಕೊಟ್ಟಂತೆಯೇ ಎಂದು 48ನೇ ಕಲಮಿನಲ್ಲಿದೆ. ಈ ಮಾತು ಬಹಳ ಜನರಿಗೆ ಗೊತ್ತಿಲ್ಲ. ಅರ್ಜಿ ಕೊಟ್ಟ ರಸೀದಿ ಜೋಪಾನವಾಗಿಡಬೇಕು.

ಇನ್ನೊಂದು ಸಣ್ಣ ಎಚ್ಚರಿಕೆ. ಹೊಸ ಊರಿಗೆ ಹೋಗುವ ಅವಸರದಲ್ಲಿ ಮೊದಲು ಆಧಾರ್ ವಿಳಾಸ ಬದಲಿಸಿ, ಆಮೇಲೆ ಉದಗೀರದ ಗಾಡಿಯ ಹೆಸರು ಬದಲಿಸಲು ಹೋದರೆ ವಿಳಾಸ ತಾಳೆಯಾಗುವುದಿಲ್ಲ. ಹೆಸರು ಮೊದಲು, ವಿಳಾಸ ಆಮೇಲೆ. 29 ಮತ್ತು 30ನೇ ನಮೂನೆ ತುಂಬಿಯೇ ಸಹಿ ಹಾಕಬೇಕು, ಖಾಲಿ ಹಾಳೆಗೆ ಸಹಿ ಬೇಡ. ಅದೇ ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವನು 14 ದಿನದಲ್ಲಿ, ಹೊರರಾಜ್ಯಕ್ಕೆ ಮಾರಿದರೆ 45 ದಿನದಲ್ಲಿ, ಕೊಂಡವನು 30 ದಿನದಲ್ಲಿ ತಿಳಿಸಬೇಕು. ಸರಕಾರಿ ಶುಲ್ಕ ಕೆಲವೇ ನೂರು ರೂಪಾಯಿ. 2023ರ ಏಪ್ರಿಲ್‌ನಿಂದ ಹಳೆ ಗಾಡಿ ಮಾರುವ ಡೀಲರುಗಳೂ ಆರ್.ಟಿ.ಓ. ಅಧಿಕಾರಪತ್ರ ಪಡೆಯಬೇಕೆಂಬ ನಿಯಮ ಬಂದಿದೆ. ಅದನ್ನು ಕೇಳಿ ನೋಡುವುದು ಗಿರಾಕಿಯ ಹಕ್ಕು.

ಓಮ್ನಿಯೋ, ಛೋಟಾ ಹಾಥಿಯೋ

ಈ ಭಾಗದಲ್ಲಿ ವ್ಯಾನು ಎಂದರೆ ಜನರ ಮನಸ್ಸಿಗೆ ಮೊದಲು ಬರುವುದು ಮಾರುತಿ ಓಮ್ನಿ. 1984ರಲ್ಲಿ ಬಂದ ಈ ಗಾಡಿ 2019ರಲ್ಲಿ ನಿಂತಿತು. ಆದ್ದರಿಂದ ಸಿಗುವ ಓಮ್ನಿಗಳಲ್ಲಿ 15 ವರ್ಷ ದಾಟಿದವೇ ಹೆಚ್ಚು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರು, ವ್ಯಾನಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಅದು 10,000 ಆಯಿತು. 40 ಸಾವಿರಕ್ಕೆ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವ ಮೊದಲು ಆರ್.ಸಿ. ಮೇಲಿನ ಕೊನೆಯ ತಾರೀಖು ನೋಡಬೇಕು. ಗ್ಯಾಸ್ ಕಿಟ್ ಇದ್ದರೆ ಅದು ಆರ್.ಸಿ.ಯಲ್ಲಿ ನಮೂದಾಗಿದೆಯೇ ಎಂದೂ ನೋಡಬೇಕು. ಅಡಿಗೆ ಸಿಲಿಂಡರು ಕೂಡಿಸಿ ಓಡಿಸುವ ಗಾಡಿಯನ್ನು ದೂರದಿಂದಲೇ ಬಿಡಬೇಕು.

2005ರಲ್ಲಿ ಬಂದ ಟಾಟಾ ಏಸ್ ಅಂದರೆ ಛೋಟಾ ಹಾಥಿ ಹಳದಿ ಪ್ಲೇಟಿನ ಮಾಲು ಗಾಡಿ. ಕಪಾಟು, ಮಂಚ ಹೇರಲು ಇದೇ ಅನುಕೂಲ. ಒಟ್ಟು ತೂಕ 3,000 ಕಿಲೋ ಮೀರದ ಮಾಲು ಗಾಡಿಗೆ ಪರ್ಮಿಟ್ ಬೇಕಿಲ್ಲ, ಆದರೆ ಫಿಟ್‌ನೆಸ್ ಪ್ರಮಾಣಪತ್ರ ಚಾಲ್ತಿಯಲ್ಲಿರಲೇಬೇಕು. ಕಾರಿನ ಲೈಸೆನ್ಸ್ ಇದ್ದವರು ಇಂಥ ಸಣ್ಣ ಮಾಲು ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಖಚಿತಪಡಿಸಿದೆ. ಗಡಿಯಲ್ಲಿ ಹಳೆಯ ಮನೆಬಳಕೆ ಸಾಮಾನಿಗೆ ಜಿ.ಎಸ್.ಟಿ. ಇ-ವೇ ಬಿಲ್ಲಿನ ಅಗತ್ಯವೂ ಇಲ್ಲ. ಯಾರಾದರೂ ಹೆದರಿಸಿದರೆ ಹೆದರಬೇಕಿಲ್ಲ.

ಹಾಗೆಂದು ಬಿಳಿ ಪ್ಲೇಟಿನ ವ್ಯಾನಿನಲ್ಲಿ ನೆರೆಯವರ ಸಾಮಾನನ್ನು ರೊಕ್ಕಕ್ಕೆ ಹೇರಬಾರದು. "ನಮ್ದೂ ಒಂದ್ ಟ್ರಿಪ್ ಹಾಕ್ರಿ, ಕಿರಾಯಿ ಕೊಡ್ತೀವಿ" ಎಂದು ಕೇಳುವವರು ಸಿಕ್ಕೇ ಸಿಗುತ್ತಾರೆ. ಖಾಸಗಿ ಗಾಡಿ ಬಾಡಿಗೆಗೆ ಓಡಿಸಿದರೆ ದಂಡವೂ ಉಂಟು, ಅಪಘಾತವಾದರೆ ವಿಮೆಯೂ ಕೈಬಿಡಬಹುದು.

ಸಾಮಾನಿನ ಮೇಲೆ ಸಂಸಾರ

ಎಲ್ಲಕ್ಕಿಂತ ದೊಡ್ಡ ಅಪಾಯ ರೊಕ್ಕದ್ದಲ್ಲ. ಹಾಸಿಗೆ, ಟ್ರಂಕು ಹೇರಿ, ಅದರ ಮೇಲೆ ಹೆಂಡತಿ ಮಕ್ಕಳನ್ನು ಕೂಡಿಸಿ ಹೊರಡುವುದು ಇಲ್ಲಿ ಸಾಮಾನ್ಯ ನೋಟ. ಮಾಲು ಗಾಡಿಯಲ್ಲಿ ಸುಮ್ಮನೆ ಕುಳಿತು ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ 2002ರಲ್ಲಿಯೇ ಹೇಳಿದೆ. 1994ರ ತಿದ್ದುಪಡಿಯಿಂದ ಮಾಲಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಮಾತ್ರ ರಕ್ಷಣೆ ಇದೆ. ಹಿಂದೆ ಸಾಮಾನಿನ ಮೇಲೆ ಕುಳಿತ ಮುದುಕಿ, ಕೂಸುಗಳಿಗೆ ಇಲ್ಲ. ಖಾಸಗಿ ವ್ಯಾನಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಒಳಗೆ ಕುಳಿತ ಮನೆಯವರ ಗತಿಯೂ ಅಷ್ಟೇ. ಉಮರ್ಗಾ ಮೇಲೆ ಹೋಗುವ ಸೋಲಾಪುರ-ಹೈದರಾಬಾದ್ ಹೆದ್ದಾರಿಯಲ್ಲಿ ದೊಡ್ಡ ಲಾರಿಗಳ ನಡುವೆ ಹಳೆಯ ವ್ಯಾನು ಹೊಯ್ದಾಡುತ್ತ ಹೋಗುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಉದಗೀರದಿಂದ ಭಾಲ್ಕಿ, ಬೀದರಿಗೆ ರೈಲು ಇದೆ, ಎಲ್ಲ ಊರಿಗೂ ಎರಡೂ ರಾಜ್ಯದ ಬಸ್ಸುಗಳಿವೆ. ಸಾಮಾನು ವ್ಯಾನಿನಲ್ಲಿ ಹೋಗಲಿ, ಮನೆಯವರು ಬಸ್ಸಿನಲ್ಲೋ ರೈಲಿನಲ್ಲೋ ಹೋಗಲಿ. ನಾಲ್ಕು ಟಿಕೆಟ್ಟಿನ ದುಡ್ಡು ಉಳಿಸಲು ಹೋಗಿ ಮನೆಯ ಬೆಳಕು ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಸರಕಾರಗಳೂ ಒಂದು ಕೆಲಸ ಮಾಡಬಹುದು. ನಮೂನೆಗಳು ಇಡೀ ದೇಶಕ್ಕೆ ಒಂದೇ, ದಾಖಲೆಯೂ ಈಗ ಒಂದೇ ವಾಹನ್ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ. ಹೀಗಿರುವಾಗ ಉದಗೀರ, ಉಮರ್ಗಾದಂಥ ಗಡಿ ಪಟ್ಟಣಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಎರಡೂ ರಾಜ್ಯದ ಸಾರಿಗೆ ಅಧಿಕಾರಿಗಳು ಒಂದೊಂದು ದಿನ ಕೂಡಿ ಕುಳಿತು, ಮರಾಠಿ ಕನ್ನಡ ಎರಡರಲ್ಲೂ ತಿಳಿಸಿ, ಹೆಸರು ಬದಲಾವಣೆ ಮತ್ತು ಎನ್.ಓ.ಸಿ. ಅರ್ಜಿ ತೆಗೆದುಕೊಂಡರೆ ಏಜೆಂಟರ ಕೈಗೆ ಬೀಳುವ ಎಷ್ಟೋ ಜನ ಉಳಿಯುತ್ತಾರೆ. ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು.

ಆದರೆ ಶಿಬಿರ ಬರುವವರೆಗೆ ಕಾಯಬೇಕಾಗಿಲ್ಲ. ಕೊಡುವವರು ಬೀಗರೇ ಇರಲಿ, ಕೊಳ್ಳುವವರು ತಮ್ಮನೇ ಇರಲಿ, ಹೆಸರು ಬದಲಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಅದು ಅಪನಂಬಿಕೆಯಲ್ಲ, ಇಬ್ಬರ ಮನೆಯನ್ನೂ ಕಾಯುವ ಕೆಲಸ. ಆರ್.ಸಿ.ಯಲ್ಲಿ ಹೆಸರು ಬರಲಿ, ಪಾಲಿಸಿಯಲ್ಲಿ ಹೆಸರು ಬರಲಿ. ಆಮೇಲೆ ಬೇಕಾದರೆ ಬೀಸುವ ಕಲ್ಲಿನಿಂದ ಹಿಡಿದು ತುಳಸಿ ಕಟ್ಟೆಯವರೆಗೆ ಹೇರಿಕೊಂಡು ಹೋಗಲಿ.