ಹೊಳೆಯ ನೀರುನಾಯಿ

ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆನಾಡಿನಲ್ಲಿ ನೀರುನಾಯಿಯ ದರ್ಶನವನ್ನು ಬಯಸುವ ವನವಿಹಾರಿಯು ರಾಯಚೂರು ಪಟ್ಟಣವನ್ನು ನಸುಕಿಗೇ ಬಿಟ್ಟು, ದೇವದುರ್ಗದ ಕಡೆಯ ಕೃಷ್ಣೆಯ ಬಂಡೆಗಳಲ್ಲೋ ಮಾನ್ವಿಯ ಕಡೆಯ ತುಂಗಭದ್ರೆಯ ಮಡುಗಳ ಬಳಿಯೋ, ಮೊಸಳೆಗಳ ನೆನಪಿಟ್ಟುಕೊಂಡು ನೀರಿಗೆ ತುಸು ದೂರದಲ್ಲೇ, ಬಾಯಿ ಮುಚ್ಚಿ ಕುಳಿತಿರಬೇಕು. ಮೊದಲು ಗೋಚರಿಸುವುದು ಪ್ರಾಣಿಯಲ್ಲ, ಮೀನಿನ ಹುರುಪೆ ಬೆರೆತು ನಾರುವ ಹಿಕ್ಕೆ. ಅನಂತರ ಕಿವಿಗೆ ಬೀಳುವುದು ತೀಕ್ಷ್ಣವಾದ ಸಿಳ್ಳು. ಕಡೆಗೆ, ಅದೃಷ್ಟವಿದ್ದರೆ, ಮೀನನ್ನು ಮುಂಗಾಲುಗಳಲ್ಲಿ ಅವುಚಿ ಕರಕರನೆ ಕಡಿಯುವ ನುಣುಪುರೋಮದ ಇಡೀ ಸಂಸಾರ. ಬಲೆ ಹರಿಯಿತೆಂಬ ಬೆಸ್ತರ ದೂರೇನೂ ಸುಳ್ಳಲ್ಲ. ಆದರೂ ಸಿಡಿಮದ್ದಿಟ್ಟು ಮಡುವನ್ನೇ ಬರಿದುಮಾಡುವವರಿಗಿಂತ ಈ ಕಳ್ಳನೇ ಮೇಲೆನ್ನುವೆ. 2015ರಲ್ಲಿ ಸರಕಾರವು ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ತುಂಗಭದ್ರೆಯನ್ನು ನೀರುನಾಯಿಗಳಿಗೆಂದೇ ಮೀಸಲಿಟ್ಟಿತು. ಕಂಪ್ಲಿಯಿಂದೀಚಿನ ಹೊಳೆಗೆ ಆ ಭಾಗ್ಯವಿಲ್ಲ, ಇಲ್ಲಿ ಅವಕ್ಕೆ 1972ರ ವನ್ಯಜೀವಿ ಕಾಯಿದೆಯೇ ಆಸರೆ.